ಮೆಷಿನ್ ಹಾಕಿದ ಮೇಲೂ ಜೋಗುಳ ಬೇಕು

ಎರಡು ವರ್ಷ ದಾಟಿದರೂ ಮಗು ‘ಅಮ್ಮ’ ಅನ್ನಲಿಲ್ಲ ಅಂದರೆ ನಮ್ಮ ಮನೆಗಳಲ್ಲಿ ಮೊದಲು ನಡೆಯುವುದು ತಟ್ಟೆ ಪರೀಕ್ಷೆ. ಮಗು ಆಟದಲ್ಲಿ ಮುಳುಗಿರುವಾಗ ಅಜ್ಜಿ ಹಿಂದಿನಿಂದ ಬಂದು ಸ್ಟೀಲ್ ತಟ್ಟೆಗೆ ಸೌಟಿನಿಂದ ಬಡಿಯುತ್ತಾರೆ. ಮಗು ತಿರುಗಿ ನೋಡುತ್ತದೆ. “ನೋಡು, ಕಿವಿ ಚೆನ್ನಾಗೇ ಇದೆ. ಅವರಪ್ಪನೂ ಮಾತಾಡಿದ್ದು ನಾಲ್ಕು ವರ್ಷಕ್ಕೇ ಕಣಮ್ಮ” ಎಂದು ಸೊಸೆಗೆ ಧೈರ್ಯ ಹೇಳುತ್ತಾರೆ. ಯಲಹಂಕದ ಹಳೇ ಊರಿನ ಕಡೆ ಜಾತ್ರೆಯ ತಮಟೆಗೆ ಮಗು ಕೈಕಾಲು ಆಡಿಸಿಬಿಟ್ಟರಂತೂ ಇದ್ದಬದ್ದ ಅನುಮಾನವೂ ಹೊರಟುಹೋಗುತ್ತದೆ. ಹೀಗೆ ಇನ್ನೊಂದು ವರ್ಷ ಕಳೆಯುತ್ತದೆ.

ಆ ಅಜ್ಜಿಯ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ, ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಎದುರು ಕೂತು ಸಾಮಾನ್ಯ ದನಿಯಲ್ಲಿ ಆಡುವ ಮಾತಿನ ಗಟ್ಟಿತನ ಸುಮಾರು 60 ಡೆಸಿಬೆಲ್. ಹತ್ತಿರದಲ್ಲೇ ಬಡಿದ ತಟ್ಟೆಯ ಸದ್ದು ಅದಕ್ಕಿಂತ ಎಷ್ಟೋ ಜೋರು. ತಮಟೆಯ ಪೆಟ್ಟು ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ತಟ್ಟೆ ಕೇಳಿಸುವ, ತಮಟೆ ಕೇಳಿಸುವ, ಆದರೆ ಅಮ್ಮನ ಮಾತು ಮಾತ್ರ ಕೇಳಿಸದ ಕಿವಿ ಇರಬಹುದು. ಮಾತಿನೊಳಗೂ ಎಲ್ಲ ಅಕ್ಷರಗಳ ಬಲ ಒಂದೇ ಅಲ್ಲ. ‘ಆ’, ‘ಓ’ ಗಟ್ಟಿ. ‘ಸ’, ‘ಶ’ ತೀರಾ ತೆಳು, ಮೇಲಾಗಿ ಅವು ಎತ್ತರದ ಕಂಪನದ ಸದ್ದುಗಳು. ಕೆಲವು ಮಕ್ಕಳಿಗೆ ಹೆಸರು ಕೂಗಿದ್ದು ಗೊತ್ತಾಗುತ್ತದೆ, ಏನೆಂದು ಕೂಗಿದರು ಅನ್ನುವುದು ಗೊತ್ತಾಗುವುದಿಲ್ಲ.

ಶ್ರವಣ ತಜ್ಞರು ಜಗತ್ತಿನಾದ್ಯಂತ ಹೇಳುವ ಲೆಕ್ಕ ಒಂದು, ಮೂರು, ಆರು. ಹುಟ್ಟಿದ ಒಂದು ತಿಂಗಳೊಳಗೆ ಮೊದಲ ತಪಾಸಣೆ, ಮೂರು ತಿಂಗಳೊಳಗೆ ದೋಷ ಇದೆಯೋ ಇಲ್ಲವೋ ಎಂಬ ಖಚಿತ ಉತ್ತರ, ಆರು ತಿಂಗಳೊಳಗೆ ಚಿಕಿತ್ಸೆ ಶುರು. ತಪಾಸಣೆಯಿಂದ ನೋವಿಲ್ಲ. ಮಲಗಿರುವ ಮಗುವಿನ ಕಿವಿಗೆ ಪುಟ್ಟ ಮೊನೆ ಇಟ್ಟು ಕೆಲವೇ ನಿಮಿಷದಲ್ಲಿ ಒಎಇ ಪರೀಕ್ಷೆ ಮುಗಿಸುತ್ತಾರೆ. ಅನುಮಾನ ಬಂದರೆ, ಸದ್ದಿಗೆ ಕಿವಿಯ ನರ ಸ್ಪಂದಿಸುತ್ತದೆಯೇ ಎಂದು ನೋಡುವ ಬೆರಾ ಪರೀಕ್ಷೆ ಮಾಡಿಸಿ ಅನ್ನುತ್ತಾರೆ. ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡ ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಕಿವಿಯೂ ಸೇರಿದೆ. 2013ರಲ್ಲಿ ಶುರುವಾದ ಕಾರ್ಯಕ್ರಮ ಇದು. ತಂಡ ಬಂದ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ ಎಂದು ಅಂಗನವಾಡಿ ಟೀಚರ್ ಹೇಳಿದರೆ ದಯವಿಟ್ಟು ಕೇಳಿ.

ನಾನು ಹೇಳಬೇಕೆಂದಿರುವುದು ರಿಪೋರ್ಟ್ ಕೈಗೆ ಬಂದ ನಂತರದ ಮಾತು. ‘ನಿಮ್ಮ ಮಗುವಿಗೆ ಕೇಳಿಸುವುದಿಲ್ಲ’ ಎಂದು ತಿಳಿದ ಸಂಜೆಯಿಂದ ಎಷ್ಟೋ ಮನೆಗಳಲ್ಲಿ ಹಾಡು ನಿಂತುಹೋಗುತ್ತದೆ. ಅದುವರೆಗೆ ತೊಟ್ಟಿಲು ತೂಗುತ್ತಾ, ಬೆನ್ನು ತಟ್ಟುತ್ತಾ ಏನಾದರೊಂದು ಗುನುಗುತ್ತಿದ್ದ ತಾಯಿ ಸುಮ್ಮನಾಗಿಬಿಡುತ್ತಾಳೆ. ಯಾರಿಗೆ ಅಂತ ಹಾಡೋದು? ಕಿವಿಗೆ ಮೆಷಿನ್ ಬಂದ ಮೇಲೂ, ಆಪರೇಷನ್ ಆಗಿ ಒಳಗಿವಿಯಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಕೂತ ಮೇಲೂ ಮನೆಯವರ ಗಮನವೆಲ್ಲ ‘ಮಾತು ಹೇಳಿಸುವುದರ’ ಮೇಲೆ. ಹೇಳು, ಆಪಲ್ ಹೇಳು, ಬಾಲ್ ಹೇಳು, ಅಪ್ಪ ಹೇಳು. ಹಾಡು ಆಮೇಲೆ ನೋಡೋಣ, ಮೊದಲು ಮಾತು ಬರಲಿ ಎಂಬ ತರ್ಕ. ಈ ಕ್ರಮವೇ ತಿರುಗುಮುರುಗು ಎಂಬುದು ನನ್ನ ನಂಬಿಕೆ. ಅದರಲ್ಲೂ ಕನ್ನಡದ ಮಟ್ಟಿಗೆ ಹಾಡು, ತಾಳ, ಚಪ್ಪಾಳೆ ಆಟಗಳು ಮಾತಿಗೆ ಹೋಗುವ ದಾರಿಯಲ್ಲೇ ಇವೆ.

ಮೊದಲು ಯಂತ್ರದ ವಿಷಯ. ಒಳಗಿವಿಯ ಶಂಖದಲ್ಲಿ ಸದ್ದನ್ನು ನರಕ್ಕೆ ಮುಟ್ಟಿಸುವ ರೋಮಕೋಶಗಳು ಸುಮಾರು 3,500. ಇಂಪ್ಲಾಂಟ್‌ನಲ್ಲಿ ಆ ಕೆಲಸ ಮಾಡಲು ಇರುವ ವಿದ್ಯುತ್ ಬಿಂದುಗಳು ಕಂಪನಿಗೆ ತಕ್ಕಂತೆ 12ರಿಂದ 22. ಹಾರ್ಮೋನಿಯಂ ಮನೆಗಳನ್ನು ಬೆರಳಿನ ಬದಲು ಮೊಣಕೈಯಿಂದ ಒತ್ತಿದಂತೆ: ಸದ್ದು ಬರುತ್ತದೆ, ಯಾವ ಹೊತ್ತಿಗೆ ಒತ್ತಿದರು, ಎಷ್ಟು ಹೊತ್ತು ಒತ್ತಿದರು ಎಲ್ಲವೂ ಸ್ಪಷ್ಟ, ಆದರೆ ಸ ಯಾವುದು, ರಿ ಯಾವುದು ಎಂಬುದು ಕಲಸಿಹೋಗುತ್ತದೆ. ಇಂಪ್ಲಾಂಟ್ ಹಾಕಿಸಿಕೊಂಡವರ ಮೇಲೆ ದಶಕಗಳಿಂದ ನಡೆದ ಅಧ್ಯಯನಗಳು ಮತ್ತೆ ಮತ್ತೆ ಕಂಡದ್ದು ಇದನ್ನೇ. ಲಯ ಅವರಿಗೆ ಹೆಚ್ಚುಕಡಿಮೆ ನಮ್ಮಷ್ಟೇ ಚೆನ್ನಾಗಿ ಸಿಗುತ್ತದೆ, ಸ್ವರದ ಏರಿಳಿತ ಕಷ್ಟಪಟ್ಟು ಸಿಗುತ್ತದೆ. ಕಿವಿಯ ಹಿಂದೆ ಹಾಕುವ ಮಾಮೂಲಿ ಶ್ರವಣ ಸಾಧನದ ಕಷ್ಟ ಬೇರೆ. ಅದನ್ನು ಕಟ್ಟಿರುವುದೇ ಮಾತಿಗಾಗಿ. ಒಂದೇ ಸಮನೆ ಎಳೆದ ಸ್ವರವನ್ನು ಅದು ಕೆಲವೊಮ್ಮೆ ಗದ್ದಲ ಎಂದೇ ತಿಳಿದು ತಗ್ಗಿಸಿಬಿಡುತ್ತದೆ.

ಹಾಗಾದರೆ ಈ ಮಕ್ಕಳ ಕೈಗೆ ಗಟ್ಟಿಯಾಗಿ ಸಿಕ್ಕಿರುವುದು ಕಾಲದ ಅಳತೆ, ಅಂದರೆ ಮಾತ್ರೆ. ಕನ್ನಡ ಎಷ್ಟರ ಮಟ್ಟಿಗೆ ಮಾತ್ರೆಯ ಮೇಲೆ ನಿಂತ ಭಾಷೆ ಎಂಬುದನ್ನು ಒಮ್ಮೆ ಯೋಚಿಸಿ. ಬಳೆ, ಬಾಳೆ. ಮರಿ, ಮಾರಿ. ಕತೆ, ಕತ್ತೆ. ಇವುಗಳ ನಡುವಿನ ವ್ಯತ್ಯಾಸ ಹೆಚ್ಚಿನಂಶ ಹೊತ್ತಿನದು. ‘ಬಳೆ’ಗೆ ಎರಡು ಮಾತ್ರೆ, ‘ಬಾಳೆ’ಗೆ ಮೂರು. ‘ಕತ್ತೆ’ಗೂ ಮೂರೇ, ಆದರೆ ಅಲ್ಲಿ ಹೆಚ್ಚಿನ ಮಾತ್ರೆ ಸದ್ದಿನಲ್ಲಿ ಇಲ್ಲ, ನಾಲಿಗೆ ಹಲ್ಲಿಗೆ ಒತ್ತಿ ಉಸಿರು ಕಟ್ಟಿದ ಆ ಒಂದು ಕ್ಷಣದ ನಿಶ್ಶಬ್ದದಲ್ಲಿದೆ. ‘ಹಾಲು’, ‘ಹಲ್ಲು’ ಎರಡಕ್ಕೂ ಮಾತ್ರೆ ಅಷ್ಟೇ, ಒಂದರಲ್ಲಿ ಸ್ವರ ಎಳೆಯುತ್ತೇವೆ, ಇನ್ನೊಂದರಲ್ಲಿ ವ್ಯಂಜನವನ್ನು ಹಿಡಿದು ನಿಲ್ಲಿಸುತ್ತೇವೆ. ಛಂದಸ್ಸಿನ ಪಾಠದಲ್ಲಿ ಲಘು ಗುರು ಎಂದು ಗೆರೆ ಎಳೆದದ್ದು ನಮಗೆಲ್ಲ ಪರೀಕ್ಷೆಗಾಗಿ ಓದಿದ ನೆನಪು. ಮೆಷಿನ್ ಹಾಕಿಕೊಂಡ ಮಗುವಿಗೆ ಹಾಲು ಬೇಕೋ ಹಲ್ಲು ನೋಯುತ್ತಿದೆಯೋ ಎಂದು ಹೇಳಿಕೊಳ್ಳಲು ಅದೇ ಲೆಕ್ಕ ಬೇಕು. ಮಗುವಿಗೆ ಆ ಲೆಕ್ಕ ಕಲಿಸಲು ಚಪ್ಪಾಳೆಗಿಂತ ಸುಲಭದ ಸಲಕರಣೆ ಇಲ್ಲ.

ಹೆಲ್ಸಿಂಕಿಯಿಂದ ಬಂದ ಸಂಶೋಧನೆ ನನ್ನ ಗಮನ ಸೆಳೆದದ್ದು ಈ ಕಾರಣಕ್ಕೆ. ಫಿನ್ನಿಷ್ ಕೂಡ ನಮ್ಮಂತೆಯೇ ಹ್ರಸ್ವ, ದೀರ್ಘ, ಒತ್ತಕ್ಷರಗಳ ಭಾಷೆ. ಅಲ್ಲಿ ‘ತುಲಿ’ ಎಂದರೆ ಬೆಂಕಿ, ‘ತೂಲಿ’ ಎಂದರೆ ಗಾಳಿ. ‘ಕುಕ’ ಎಂದರೆ ಯಾರು, ‘ಕುಕ್ಕ’ ಎಂದರೆ ಹೂವು. ಆ ಭಾಷೆಯ ಮಕ್ಕಳ ಜೊತೆ ಕೆಲಸ ಮಾಡುವ ರಿತ್ವಾ ಟೋರ್ಪಾ ಇಂಪ್ಲಾಂಟ್ ಹಾಕಿಸಿಕೊಂಡ ಪುಟ್ಟ ಮಕ್ಕಳನ್ನು ವರ್ಷಗಳ ಕಾಲ ಗಮನಿಸಿದರು. ಮನೆಯಲ್ಲಿ ಹಾಡಿಕೊಳ್ಳುವ ಮಕ್ಕಳು, ತಂದೆತಾಯಿ ಹಾಡುವ ಮನೆಗಳ ಮಕ್ಕಳು, ಹೊರಗೆ ಸಂಗೀತದ ಆಟಗಳಲ್ಲಿ ಸೇರಿಕೊಂಡ ಮಕ್ಕಳು ಮಾತಿನ ಒತ್ತು, ಏರಿಳಿತಗಳನ್ನು ಗುರುತಿಸುವುದರಲ್ಲಿ, ಗದ್ದಲದ ನಡುವೆ ಮಾತು ಹಿಡಿಯುವುದರಲ್ಲಿ ಮುಂದಿದ್ದರು. 2019ರಲ್ಲಿ ಟೋರ್ಪಾ ಮತ್ತು ಮಿನ್ನಾ ಹುವೊಟಿಲೈನೆನ್ ಸೇರಿ, ಇಂಥ ಮಕ್ಕಳ ಮಾತು ಬೆಳೆಸಲು ಸಂಗೀತವನ್ನು ಯಾಕೆ, ಹೇಗೆ ಬಳಸಬೇಕು ಎಂದು ವಿವರವಾದ ಲೇಖನವನ್ನೇ ಬರೆದರು. ಆಸ್ಟ್ರೇಲಿಯಾದ ಮ್ಯಾಕ್ವಾರಿ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 12 ವಾರಗಳ ಸಂಗೀತಾಭ್ಯಾಸದ ನಂತರ ಗದ್ದಲದಲ್ಲಿ ಮಾತು ಕೇಳಿಸಿಕೊಳ್ಳುವ ಶಕ್ತಿ ಮಕ್ಕಳಲ್ಲಿ ಸುಧಾರಿಸಿತ್ತು.

ಇದನ್ನು ಹೇಳಿದ ಬಾಯಲ್ಲೇ ಇನ್ನೊಂದನ್ನೂ ಹೇಳಬೇಕು. ಇವೆಲ್ಲ ಕೆಲವೇ ಮಕ್ಕಳ ಮೇಲೆ ನಡೆದ ಅಧ್ಯಯನಗಳು. ಹಾಡುವ ಮನೆಗಳಲ್ಲಿ ಮಾತುಕತೆಯೂ ಹೆಚ್ಚಿರುತ್ತದೆ, ಆದ್ದರಿಂದ ಫಲ ಕೊಟ್ಟದ್ದು ಹಾಡೋ, ಮಡಿಲೋ ಎಂದು ಬೇರ್ಪಡಿಸುವುದು ಸುಲಭವಲ್ಲ. ಹಾಡಿನಿಂದ ಕಿವುಡು ವಾಸಿಯಾಗುವುದಿಲ್ಲ. ಮೆಷಿನ್ ಬದಲು ಹಾಡು, ಥೆರಪಿ ಬದಲು ಹಾಡು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಮೆರಿಕದ ವಿಜ್ಞಾನಿ ಅನು ಶರ್ಮಾ ಅವರ ತಂಡ ತೋರಿಸಿದಂತೆ, ಹುಟ್ಟಿನಿಂದ ಕೇಳಿಸದ ಮಗುವಿನ ಮಿದುಳು ಸದ್ದನ್ನು ಸಲೀಸಾಗಿ ಒಪ್ಪಿಕೊಳ್ಳುವ ಕಾಲ ಮೂರೂವರೆ ವರ್ಷದವರೆಗೆ. ಆ ಕಾಲ ವ್ಯರ್ಥವಾಗಬಾರದು. ಮಾತಿನ ಜೊತೆಗೆ ಸನ್ನೆ ಭಾಷೆ ಕಲಿಯುವ ಮಕ್ಕಳನ್ನೂ, ಸನ್ನೆ ಭಾಷೆಯಲ್ಲೇ ಬದುಕು ಕಟ್ಟಿಕೊಂಡವರನ್ನೂ ಕಡಿಮೆ ಎಂದು ಭಾವಿಸುವ ಹಕ್ಕು ನಮಗ್ಯಾರಿಗೂ ಇಲ್ಲ.

ಸರಿ, ಮನೆಯಲ್ಲಿ ಏನು ಮಾಡುವುದು? ನಮ್ಮ ಕರ್ನಾಟಕ ಸಂಗೀತದಲ್ಲಿ ಮೃದಂಗ ಮುಟ್ಟುವ ಮೊದಲೇ ಬಾಯಲ್ಲಿ ಹೇಳಿಸುವ ಸೊಲ್ಲುಗಳಿವೆ, ಅದೇ ಕೊನ್ನಕ್ಕೋಲ್. ತಕಿಟ, ತಕಧಿಮಿ. ಇದನ್ನು ಒಮ್ಮೆ ನಿಧಾನವಾಗಿ ಹೇಳಿ ನಿಮ್ಮ ಬಾಯನ್ನೇ ಗಮನಿಸಿ. ‘ತ’ ಎನ್ನುವಾಗ ನಾಲಿಗೆಯ ತುದಿ ಹಲ್ಲಿಗೆ ತಾಗುತ್ತದೆ. ‘ಕ’ ಎನ್ನುವಾಗ ನಾಲಿಗೆಯ ಬುಡ ಮೇಲಕ್ಕೆ ಏಳುತ್ತದೆ. ಇದು ಹೊರಗಿನಿಂದ ಕಾಣದ ಅಕ್ಷರ, ತುಟಿ ನೋಡಿ ಮಾತು ಊಹಿಸುವ ಮಗು ಸದಾ ತಪ್ಪುವ ಜಾಗ. ‘ಟ’ಗೆ ನಾಲಿಗೆ ಹಿಂದಕ್ಕೆ ಮಡಚಿಕೊಳ್ಳುತ್ತದೆ. ‘ಧಿ’ ಎಂದಾಗ ಗಂಟಲ ಮೇಲೆ ಕೈಯಿಟ್ಟರೆ ನಡುಕ ಸಿಗುತ್ತದೆ, ‘ಮಿ’ ಎಂದಾಗ ತುಟಿ ಮುಚ್ಚಿ ಮೂಗು ಝೇಂಕರಿಸುತ್ತದೆ. ಸ್ಪೀಚ್ ಥೆರಪಿಸ್ಟ್ ವಾರಗಟ್ಟಲೆ ಮಾಡಿಸುವ ಉಚ್ಚಾರಣೆಯ ಅಭ್ಯಾಸದ ಒಂದು ದೊಡ್ಡ ಪಾಲು ಈ ನಾಲ್ಕೈದು ಅಕ್ಷರಗಳಲ್ಲಿ ತಾಳದ ಜೊತೆ ಕೂತಿದೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಮೆಷಿನ್ ಇರುವ ಕಿವಿಯ ಕಡೆಯಿಂದ, ಅದರ ಅಂಗೈಯನ್ನು ನಿಮ್ಮ ಅಂಗೈಗೆ ತಟ್ಟುತ್ತಾ ‘ತಕಿಟ, ತಕಿಟ’ ಎನ್ನಿ. ನಾಲ್ಕೈದು ಸಲ ಆದ ಮೇಲೆ ‘ತಕಿ...’ ಎಂದು ನಿಲ್ಲಿಸಿ ಕಾಯಿರಿ. ಕಾಯುವುದೇ ಕಷ್ಟದ ಭಾಗ, ಅಮ್ಮಂದಿರು ತಾವೇ ಮುಗಿಸಿಬಿಡುತ್ತಾರೆ. ಮುಗಿಸಬೇಡಿ, ಮುಖ ನೋಡುತ್ತಾ ಕಾಯಿರಿ. ಮೊದಲು ಮಗು ಕೈ ತಟ್ಟಿ ಆ ಜಾಗ ತುಂಬುತ್ತದೆ, ಆಮೇಲೊಂದು ದಿನ ಬಾಯಿಂದ ಏನೋ ಒಂದು ಸದ್ದು ಬರುತ್ತದೆ. ಅದು ‘ಟ’ ಆಗಿಲ್ಲದಿದ್ದರೂ ಪರವಾಗಿಲ್ಲ. ಸರದಿ ಬಂದಾಗ ಬಾಯಿ ತೆರೆಯಬೇಕು ಎಂಬುದು ಅದಕ್ಕೆ ಗೊತ್ತಾಯಿತಲ್ಲ, ಸಂಭಾಷಣೆ ಅಂದರೆ ಅದೇ.

ಹಾಡಿನಲ್ಲಿ ಇನ್ನೊಂದು ಲಾಭ ಇದೆ. ಕನ್ನಡ ವ್ಯಾಕರಣದ ಬಹುಪಾಲು ಪದದ ಬಾಲದಲ್ಲಿರುತ್ತದೆ. ಮನೆಗೆ, ಮನೇಲಿ, ಮನೆಯಿಂದ. ಬಂದ, ಬಂದ್ಲು, ಬಂದ್ರು. ‘ಊಟ ಆಯ್ತು’ ಎಂಬುದಕ್ಕೂ ‘ಊಟ ಆಯ್ತಾ’ ಎಂಬುದಕ್ಕೂ ಇರುವ ವ್ಯತ್ಯಾಸ ಕೊನೆಯ ಒಂದು ಸ್ವರ. ಮಾತಾಡುವಾಗ ನಾವು ಈ ಬಾಲಗಳನ್ನು ಬೇಗ ಬೇಗ, ದನಿ ಇಳಿಸಿ ನುಂಗಿಬಿಡುತ್ತೇವೆ. ಸರಿಯಾಗಿ ಕೇಳಿಸದ ಮಗುವಿಗೆ ಮೊದಲು ತಪ್ಪಿಹೋಗುವುದೂ ಅವೇ. ‘ಅಮ್ಮ ಮನೆ ಬಂದ’ ಎನ್ನುವ ಮಾತು ಹುಟ್ಟುವುದು ಹೀಗೆ. ಹಾಡಿನಲ್ಲಿ ಮಾತ್ರ ಸಾಲಿನ ಕೊನೆ ಎಳೆದು ನಿಲ್ಲುತ್ತದೆ, ಶಿಶುಪ್ರಾಸದಲ್ಲಿ ಅಂತ್ಯಪ್ರಾಸ ಬಂದು ಅದೇ ಬಾಲವನ್ನು ಎರಡು ಸಲ, ನಾಲ್ಕು ಸಲ ಬಡಿದು ಕೇಳಿಸುತ್ತದೆ. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಮಕ್ಕಳಿಗಾಗಿ ಬರೆದದ್ದನ್ನು ಈ ಕಣ್ಣಿನಿಂದ ಮತ್ತೆ ಓದಿ ನೋಡಿ. ಪುಟ್ಟ ಸಾಲು, ಗಟ್ಟಿ ತಾಳ, ಸಾಲು ಮುಗಿಯುವಲ್ಲಿ ಬಿಗಿಯಾದ ಪ್ರಾಸ. ನಮ್ಮ ಅಂಗನವಾಡಿಗಳ ಅಭಿನಯ ಗೀತೆಗಳೂ, ಸರ್ಕಾರಿ ಶಾಲೆಗಳ ನಲಿ-ಕಲಿ ತರಗತಿಯ ಹಾಡುಗಳೂ ಇದೇ ಜಾಡಿನವು. ಕೈಯ ಅಭಿನಯ ಇರುವುದರಿಂದ ಅರ್ಥವೂ ಜೊತೆಗೇ ಸಿಗುತ್ತದೆ.

ಮೊಬೈಲಿನಲ್ಲಿ ಬರುವ ರೈಮ್ಸ್ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಅದರಲ್ಲಿ ಹತ್ತು ವಾದ್ಯ ಒಟ್ಟಿಗೆ ಬಾರಿಸುತ್ತಿರುತ್ತವೆ, ಇಂಪ್ಲಾಂಟ್‌ಗೆ ಅವೆಲ್ಲ ಸೇರಿ ಒಂದೇ ಮುದ್ದೆ. ಜೊತೆಗೆ ಆ ಹಾಡು ಮಗುವಿಗಾಗಿ ಎಲ್ಲೂ ನಿಲ್ಲುವುದಿಲ್ಲ, ಮಗು ಬಾಯಿ ತೆರೆದದ್ದನ್ನು ನೋಡುವುದೂ ಇಲ್ಲ. ಒಂದು ದನಿ, ಬೇಕಿದ್ದರೆ ಒಂದು ಪುಟ್ಟ ಡೋಲಕ್, ಎದುರಿಗೆ ಒಂದು ಮುಖ. ಶ್ರುತಿ ಸೇರದ ಅಮ್ಮನ ಹಾಡೇ ಸಾಕು. ನನಗೆ ಹಾಡೋಕೆ ಬರಲ್ಲ ಎಂದು ಹಿಂಜರಿಯುವ ಅಪ್ಪಂದಿರಿಗೂ ಇದೇ ಮಾತು.

ಆ ಒಂದು ದನಿ ಮಗುವಿಗೆ ತಲುಪಬೇಕಲ್ಲ, ನಮ್ಮ ಉತ್ತರ ಬೆಂಗಳೂರಿನ ನಿಜವಾದ ಕಷ್ಟ ಅಲ್ಲಿದೆ. ಹೆಬ್ಬಾಳದ ಮೇಲ್ಸೇತುವೆಯ ಪಕ್ಕದ ಮನೆಗಳು, ಯಶವಂತಪುರದ ತುಮಕೂರು ರಸ್ತೆಯ ಅಂಚಿನ ಬಾಡಿಗೆ ಕೋಣೆಗಳು, ಯಲಹಂಕದಲ್ಲಿ ತಲೆಯ ಮೇಲೆ ಹಾರುವ ವಾಯುಪಡೆಯ ವಿಮಾನಗಳು. ಈ ಮಕ್ಕಳಿಗೆ ಮಾತು ಅರ್ಥವಾಗಬೇಕಾದರೆ ಅದು ಸುತ್ತಲಿನ ಗದ್ದಲಕ್ಕಿಂತ ಸುಮಾರು 15 ಡೆಸಿಬೆಲ್ ಮೇಲಿರಬೇಕು ಎನ್ನುತ್ತಾರೆ ತಜ್ಞರು. ಹೊರಗಿನ ರಸ್ತೆಯನ್ನು ನಾವು ನಿಲ್ಲಿಸಲಾರೆವು. ಒಳಗಿನ ಟಿವಿ, ಮಿಕ್ಸಿಗಳನ್ನು ಹಾಡುವ ಹತ್ತು ನಿಮಿಷ ನಿಲ್ಲಿಸಬಹುದು, ರಸ್ತೆ ಕಡೆಯ ಕಿಟಕಿ ಮುಚ್ಚಿ ಹಿಂದಿನ ಕೋಣೆಗೆ ಹೋಗಬಹುದು. ಎಲ್ಲಕ್ಕಿಂತ ಮುಖ್ಯವಾಗಿ ಹತ್ತಿರ ಕೂರಬಹುದು. ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಅಡುಗೆಮನೆಯಿಂದ ಕೂಗಿ ಹಾಡಿದ್ದಕ್ಕಿಂತ ಮಡಿಲಲ್ಲಿ ಕೂರಿಸಿಕೊಂಡು ಮೆಲ್ಲಗೆ ಹಾಡಿದ್ದೇ ಹೆಚ್ಚು ಕೇಳಿಸುತ್ತದೆ.

ಹಾಡಲು ಕೂರುವ ಮೊದಲು ಮೆಷಿನ್ ಕೆಲಸ ಮಾಡುತ್ತಿದೆಯೇ ನೋಡಿಕೊಳ್ಳಿ. ಡೇನಿಯಲ್ ಲಿಂಗ್ ಎಂಬ ಕಿವುಡು ಮಕ್ಕಳ ಶಿಕ್ಷಕ ರೂಪಿಸಿದ ಆರು ಸದ್ದುಗಳ ಪರೀಕ್ಷೆಗೆ ದುಡ್ಡು ಖರ್ಚಿಲ್ಲ: ಮ್, ಊ, ಆ, ಈ, ಶ್, ಸ್. ಕಡಿಮೆ ಕಂಪನದಿಂದ ಹೆಚ್ಚಿನ ಕಂಪನದವರೆಗೆ ಮಾತಿನ ಇಡೀ ಹರವು ಇದರಲ್ಲಿದೆ. ಬಾಯಿ ಕಾಣದಂತೆ ಪಕ್ಕದಲ್ಲಿ ಕೂತು ಒಂದೊಂದಾಗಿ ಹೇಳಬೇಕು. ಮಗು ಒಂದು ಮಣಿಯನ್ನು ಕೆನ್ನೆಯ ಬಳಿ ಹಿಡಿದು ಕಾಯುತ್ತದೆ, ಸದ್ದು ಕೇಳಿದೊಡನೆ ಡಬ್ಬಕ್ಕೆ ಹಾಕುತ್ತದೆ. ನಿನ್ನೆ ‘ಸ್’ಗೆ ಮಣಿ ಬಿದ್ದು ಇವತ್ತು ಬೀಳಲಿಲ್ಲವಾದರೆ ಮಗುವಿಗೆ ಗದರಬೇಡಿ. ಬ್ಯಾಟರಿ ನೋಡಿ, ಇಯರ್ ಮೋಲ್ಡ್‌ನಲ್ಲಿ ಗುಗ್ಗೆ ಕಟ್ಟಿದೆಯಾ ನೋಡಿ, ನೆಗಡಿಯಾಗಿದೆಯಾ ನೋಡಿ, ಆಮೇಲೆ ಆಡಿಯಾಲಜಿಸ್ಟ್‌ಗೆ ಫೋನ್ ಮಾಡಿ.

ಆರ್‌.ಟಿ. ನಗರದ ಯಾವ ಬೀದಿಗೆ ಹೋದರೂ ನಾಲ್ಕು ಭಾಷೆ ಕಿವಿಗೆ ಬೀಳುತ್ತವೆ. ಮನೆಯಲ್ಲಿ ಉರ್ದು ಅಥವಾ ತೆಲುಗು, ಅಂಗಡಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಮಗುವಿಗೆ ಕೇಳಿಸುವುದಿಲ್ಲ ಎಂದ ಕೂಡಲೇ ಒಂದೇ ಭಾಷೆ ಸಾಕು, ಇಂಗ್ಲಿಷೇ ಇರಲಿ ಎಂದು ಸಲಹೆ ಕೊಡುವವರು ಬೇಕಾದಷ್ಟು ಜನ. ಅಜ್ಜಿಗೆ ಬರದ ಭಾಷೆಯನ್ನು ಮಗುವಿನ ಮೇಲೆ ಹೇರಿದರೆ ಮನೆಯಲ್ಲಿ ಮಗುವಿನ ಜೊತೆ ಮಾತಾಡುವವರ ಸಂಖ್ಯೆಯೇ ಅರ್ಧವಾಗುತ್ತದೆ. ಅಮ್ಮನಿಗೆ ಲೀಲಾಜಾಲವಾಗಿ ಬರುವ ಭಾಷೆಯಲ್ಲಿ ಜೋಗುಳ ಇರಲಿ. ಆ ಭಾಷೆಯಲ್ಲಿ ಗಟ್ಟಿಯಾದ ಮಗು ಎರಡನೆಯದನ್ನೂ ಕಲಿಯಬಲ್ಲದು.

ತಾಯಿಯೇ ಮೊದಲ ಶಿಕ್ಷಕಿ ಎಂಬ ಮಾತನ್ನು ನಿಜವಾಗಿ ನಡೆಸಿಕೊಂಡು ಬಂದ ಜಾಗ ನಮ್ಮ ರಾಜ್ಯದಲ್ಲೇ ಇದೆ. 1965ರಲ್ಲಿ ಶುರುವಾದ ಮೈಸೂರು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಶಾಲಾಪೂರ್ವ ಕೇಂದ್ರದಲ್ಲಿ ಮಕ್ಕಳ ಜೊತೆ ತಾಯಂದಿರೂ ಕಲಿಯುತ್ತಾರೆ. ನಾಟಕಕಾರ, ರಂಗಕರ್ಮಿ ನ. ರತ್ನ ಈ ಸಂಸ್ಥೆಯ ನಿರ್ದೇಶಕರಾಗಿದ್ದವರು ಎಂಬುದು ನನಗೆ ಬಹಳ ಸಂತೋಷ ಕೊಡುವ ಸಂಗತಿ. ರಂಗದ ಮಾತನ್ನು ಬಲ್ಲವರೊಬ್ಬರು ಮಾತಿನ ವಿಜ್ಞಾನವನ್ನೂ ನಡೆಸಿದ್ದರು. ನಮ್ಮ ಕಡೆಯವರಿಗೆ ಹತ್ತಿರದಲ್ಲಿ ಲಿಂಗರಾಜಪುರದ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ ಇದೆ. ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯ ಖರ್ಚಿಗೆ ಕೇಂದ್ರದ ಅಡಿಪ್ ಯೋಜನೆ, ರಾಜ್ಯದ ಶ್ರವಣ ಸಂಜೀವಿನಿ ಯೋಜನೆಗಳಿವೆ, ವಯಸ್ಸಿನ ಮಿತಿ ಇರುವುದರಿಂದ ತಡ ಮಾಡಬಾರದು.

ಇನ್ನೊಂದು ಕೋರಿಕೆ ಸಂಗೀತ ಶಿಕ್ಷಕರಲ್ಲಿ. ಯಲಹಂಕ ಉಪನಗರದಿಂದ ಯಶವಂತಪುರದವರೆಗೆ ಪ್ರತಿ ಬಡಾವಣೆಯಲ್ಲೂ ಮೃದಂಗ, ತಬಲಾ, ಹಾಡುಗಾರಿಕೆ ಹೇಳಿಕೊಡುವವರು ಇದ್ದೀರಿ. ಕಿವಿಗೆ ಮೆಷಿನ್ ಹಾಕಿದ ಮಗುವನ್ನು ಕರೆತಂದರೆ ವಾಪಸ್ ಕಳಿಸಬೇಡಿ. ತಾಳದಿಂದ ಶುರು ಮಾಡಿ, ಸರಳೆ ವರಸೆಯ ಶ್ರುತಿಗೆ ಅವಸರ ಬೇಡ. ಪಕ್ಕಪಕ್ಕದ ಸ್ವರಗಳನ್ನು ಗುರುತಿಸಲು ಮಗು ವರ್ಷವೇ ತೆಗೆದುಕೊಳ್ಳಬಹುದು, ಷಡ್ಜ ಮತ್ತು ಮೇಲಿನ ಷಡ್ಜದಂಥ ದೂರದ ಸ್ವರಗಳಿಂದ ಆರಂಭಿಸಿ. ಹತ್ತು ಮಕ್ಕಳ ತರಗತಿಯಾದರೆ ಆ ಮಗುವನ್ನು ಫ್ಯಾನಿನಿಂದ ದೂರ, ನಿಮ್ಮ ಎದುರಿಗೆ, ಮೊದಲ ಸಾಲಿನಲ್ಲಿ ಕೂರಿಸಿ. ಎಲೆಕ್ಟ್ರಾನಿಕ್ ತಂಬೂರಿಯನ್ನು ಆ ಹೊತ್ತು ಆರಿಸಿಡಿ. ಇಂಪ್ಲಾಂಟ್ ಇದ್ದರೆ ಅದರ ಮ್ಯಾಪಿಂಗ್, ಅಂದರೆ ಮಗುವಿಗೆ ತಕ್ಕಂತೆ ಅದರ ಸದ್ದನ್ನು ಹೊಂದಿಸುವ ಕೆಲಸ, ಕೊನೆಯ ಸಲ ಯಾವಾಗ ಆಯಿತು ಎಂದು ತಾಯಿಯನ್ನು ಕೇಳಿ ಬರೆದಿಟ್ಟುಕೊಳ್ಳಿ. ಮೊನ್ನೆಯವರೆಗೆ ಹಿಡಿಯುತ್ತಿದ್ದ ತಾಳವನ್ನು ಮಗು ಇದ್ದಕ್ಕಿದ್ದಂತೆ ತಪ್ಪತೊಡಗಿದರೆ, ಅದನ್ನು ಮೊದಲು ಗಮನಿಸುವವರು ನೀವೇ ಆಗಿರುತ್ತೀರಿ. ಅಂದೇ ಅವರ ಥೆರಪಿಸ್ಟ್‌ಗೆ ಒಂದು ಫೋನ್ ಮಾಡಿ ತಿಳಿಸಿ.